ಎರಡನೇ ಭಾಗದ ಪೇದೆ

ನಮ್ಮ ಸಾಹೇಬರ ಕಿವಿಗಳು ದೊಡ್ಡವು. ಎಲೆಕೋಸಿನ ಹೊರಗಿನ ಎಲೆಗಳ ಹಾಗೆ ತಲೆಯಿಂದ ಆಚೆಗೆ ಚಾಚಿಕೊಂಡಿದ್ದವು. ಎಂಥ ತಮಾಷೆಯ ಮಾತು ಕೇಳಿದರೂ ಅವರ ಮುಖದಲ್ಲಿ ಏನೂ ಕದಲುತ್ತಿರಲಿಲ್ಲ. ಆ ಕಿವಿಗಳ ಅಂಚು ಮಾತ್ರ ಸ್ವಲ್ಪ ಹೊತ್ತು ಕೆಂಪಾಗಿ ಮತ್ತೆ ಮೊದಲಿನಂತಾಗುತ್ತಿತ್ತು. ಅವರ ಕೈಕೆಳಗೆ ಟೈಪಿಸ್ಟ್ ಆಗಿ ಸೇರಿದ ನನಗೆ, ಅದು ಅವರ ನಗು ಎಂದು ತಿಳಿಯಲು ಒಂದು ವರ್ಷ ಬೇಕಾಯಿತು.

ತೊಂಬತ್ತರ ದಶಕದ ನಡುವಿನ ಮಾತು. ಅರಸೀಕೆರೆಯಲ್ಲಿ ರೈತರಿಗೆ ತೆಂಗಿನ ಸಸಿ ಕೊಡುವ, ತೋಟಗಳಿಗೆ ಹೋಗಿ ಮರ ನೋಡಿ ಬರುವ ಸರ್ಕಾರಿ ಕಚೇರಿ ನಮ್ಮದು. ಅದರ ಮುಖ್ಯಸ್ಥರು ಇವರು. ಬೇಲೂರಿನವರು, ಅವರ ಮನೆತನದಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದವರಲ್ಲಿ ಮೊದಲಿಗರು. ಮೇಜಿನ ಗಾಜಿನ ಕೆಳಗೆ ಬುದ್ಧನ ಸಣ್ಣದೊಂದು ಚಿತ್ರ ಇಟ್ಟುಕೊಂಡಿದ್ದರು. ಕೈಯಲ್ಲಿ ಯಾವಾಗಲೂ ಮೊಂಡು ಪೆನ್ಸಿಲ್. ನಾನು ಟೈಪ್ ಮಾಡಿದ ಪತ್ರದಲ್ಲಿ ತಪ್ಪಿದ್ದರೆ ಬಯ್ಯುತ್ತಿರಲಿಲ್ಲ. ಪಕ್ಕದಲ್ಲಿ ಒಂದು ಚುಕ್ಕೆ ಇಟ್ಟು ಹಿಂದಕ್ಕೆ ಕಳಿಸುತ್ತಿದ್ದರು. ತಪ್ಪು ಯಾವುದು ಎಂದು ನಾನೇ ಹುಡುಕಿಕೊಳ್ಳಬೇಕಿತ್ತು.

ನನಗೆ ನಾಟಕ ಬರೆಯುವ ಹುಚ್ಚಿತ್ತು. ಸರ್ಕಾರಿ ನೌಕರರ ವಾರ್ಷಿಕ ಕಾರ್ಯಕ್ರಮಕ್ಕೆಂದು ಇಬ್ಬರು ಪೊಲೀಸರ ಹಾಸ್ಯ ನಾಟಕವೊಂದನ್ನು ಬರೆದೆ. ಒಬ್ಬ ಹೆಡ್ ಕಾನ್‌ಸ್ಟೇಬಲ್, ಒಬ್ಬ ಪೇದೆ. ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಇಬ್ಬರೂ ಸೇರಿ ಒಬ್ಬ ಕೋಳಿ ಕಳ್ಳನನ್ನು ಹಳೇಬೀಡಿನಿಂದ ಬೇಲೂರಿನ ಕೋರ್ಟಿಗೆ ಕರೆದೊಯ್ಯಬೇಕು. ಇರುವುದು ಒಂದೇ ಸೈಕಲ್. ಜಗಳದ ಭರದಲ್ಲಿ ಹೆಡ್ ಕಾನ್‌ಸ್ಟೇಬಲ್ ಕಳ್ಳನ ಬದಲು ತನ್ನ ಕೈಗೂ ಪೇದೆಯ ಕೈಗೂ ಬೇಡಿ ಹಾಕಿಬಿಡುತ್ತಾನೆ. ಕೀಲಿ ಕಳೆದುಹೋಗುತ್ತದೆ. ಕೊನೆಗೆ ಕಳ್ಳನೇ ಪಾಪ ಎಂದು ಸೈಕಲ್ ತಳ್ಳಿಕೊಂಡು ಇಬ್ಬರನ್ನೂ ಕೋರ್ಟಿಗೆ ಕರೆತರುತ್ತಾನೆ.

ಹೆಡ್ ಕಾನ್‌ಸ್ಟೇಬಲ್ ಪಾತ್ರಕ್ಕೆ ನಮ್ಮ ಜೀಪಿನ ಡ್ರೈವರಣ್ಣ ಸಿಕ್ಕಿದರು. ಗಂಡಸಿ ಕಡೆಯವರು, ಆರಡಿ ಆಳು, ತುತ್ತೂರಿಯಂಥ ಗಂಟಲು. ಪೇದೆಯ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. ನಾಟಕದುದ್ದಕ್ಕೂ ಬಯ್ಯಿಸಿಕೊಳ್ಳುವ ಪಾತ್ರ ಅದು. ಒಂದು ದಿನ ಸಾಹೇಬರು ಹಸ್ತಪ್ರತಿಯನ್ನು ನನ್ನ ಮೇಜಿನ ಮೇಲಿಟ್ಟು, "ನಾನು ಮಾಡ್ತೀನಮ್ಮ, ಆಗಬಹುದಾ?" ಎಂದರು.

ಡ್ರೈವರಣ್ಣ ಬೆವೆತುಹೋದರು. "ಸಾ, ನಿಮ್ಮನ್ನ ನಾನು 'ಏ ಕತ್ತೆ' ಅನ್ಬೇಕಾಯ್ತದೆ. ಬಾಯಿಗೆ ಬತ್ತದಾ?"

"ಹತ್ತು ವರ್ಷದಿಂದ ಮನಸ್ಸಲ್ಲಿ ಅಂದ್ಕೊಂಡಿರ್ತೀಯ. ಈಗ ಜೋರಾಗಿ ಅನ್ನು," ಎಂದರು ಸಾಹೇಬರು.

ತಾಲೀಮಿನಲ್ಲಿ ಅವರು ಹೇಳುತ್ತಿದ್ದುದು ಒಂದೇ ಮಾತು: "ಜನರನ್ನ ನೋಡಬೇಡ ಕಣಯ್ಯ, ನನ್ನ ನೋಡು. ನಮಗೆ ನಗಿಸೋ ಕೆಲಸ ಇಲ್ಲ. ಕೋರ್ಟಿಗೆ ಹೊತ್ತಾಗ್ತಿದೆ, ಅಷ್ಟೇ." ಆ ನಾಟಕ ಅರಸೀಕೆರೆಯಲ್ಲಿ ಆಯಿತು, ಹಾಸನದಲ್ಲಿ ಆಯಿತು, ಸುತ್ತಲಿನ ಹೋಬಳಿಗಳಲ್ಲೂ ಆಯಿತು. ಸಾಹೇಬನನ್ನು ಡ್ರೈವರ್ ಬಯ್ಯುತ್ತಾನೆ ಎಂದು ನಮ್ಮವರು ನಕ್ಕರು ಎಂದುಕೊಂಡಿದ್ದೆ. ಆದರೆ ಇವರು ಯಾರೆಂದೇ ಗೊತ್ತಿಲ್ಲದ ಊರುಗಳಲ್ಲೂ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಗಳಿಕೆಯನ್ನೆಲ್ಲ ನಾನು ನನ್ನ ಬರವಣಿಗೆಯ ಲೆಕ್ಕಕ್ಕೇ ಹಾಕಿಕೊಂಡೆ.

ಎರಡು ಮೂರು ವರ್ಷಗಳ ನಂತರ ಬೇಲೂರಿನವರು ಬಂದು, "ಅದರ ಎರಡನೇ ಭಾಗ ಬರೀರಿ ಮೇಡಂ, ಮೊದಲನೇ ಪ್ರದರ್ಶನ ನಮ್ಮಲ್ಲೇ ಆಗ್ಲಿ," ಎಂದು ಕೇಳಿದರು. ಒಂದೇ ತಿಂಗಳಲ್ಲಿ ಬರೆದೆ. ಈ ಸಲ ಇಬ್ಬರಿಗೂ ಮೋಟಾರ್ ಸೈಕಲ್ ಕೊಟ್ಟೆ. ಕೋಳಿ ಕಳ್ಳನ ಜಾಗಕ್ಕೆ ವಿಗ್ರಹ ಕದಿಯುವ ದೊಡ್ಡ ತಂಡ ತಂದೆ. ಹುಲಿಕೆರೆಯ ಮೆಟ್ಟಿಲು ಕೊಳದಲ್ಲಿ ಹೊಡೆದಾಟ, ನಡುವೆ ಒಂದು ಕುಣಿತ. ಮೊದಲ ನಾಟಕದಲ್ಲಿ ಹೆಡ್ ಕಾನ್‌ಸ್ಟೇಬಲ್ "ನನ್ನ ಸರ್ವೀಸಲ್ಲೇ ಇಂಥದ್ದು ನೋಡಿಲ್ಲ" ಎಂದಾಗ ಜನ ಚಪ್ಪಾಳೆ ಹೊಡೆದಿದ್ದರಲ್ಲ, ಆ ಮಾತನ್ನು ಪುಟಕ್ಕೊಂದರಂತೆ ಸೇರಿಸಿದೆ.

ಹಸ್ತಪ್ರತಿ ವಾಪಸು ಬಂದಾಗ ತುಂಬ ಚುಕ್ಕೆಗಳಿದ್ದವು. ನಾನು ಅವರ ಎದುರು ಹೋಗಿ ನಿಂತೆ.

"ತಪ್ಪೇನಿದೆ ಸರ್ ಇದರಲ್ಲಿ?"

ಅವರು ಪೆನ್ಸಿಲ್ ಕೆಳಗಿಟ್ಟರು. "ಮೊದಲನೇದರಲ್ಲಿ ಕೈಗೆ ಬೇಡಿ ಇತ್ತಮ್ಮ. ಆಗದೇ ಇದ್ರೂ ಬಿಟ್ಟುಹೋಗೋ ಹಾಗಿರಲಿಲ್ಲ. ಇದರಲ್ಲಿ ಇವರಿಬ್ಬರನ್ನ ಯಾವುದು ಹಿಡಿದಿಟ್ಟಿದೆ?"

"ಈಗ ಸ್ನೇಹಿತರಲ್ವಾ ಸರ್ ಅವರು?"

"ಸ್ನೇಹ ಎಲ್ಲೂ ಕಾಣಿಸಲಿಲ್ಲ. ಬರೀ ಜೋಕು ಕಾಣಿಸ್ತು. ಮೊದಲನೇದರಲ್ಲಿ ತಾವು ನಗೆಪಾಟಲಾಗ್ತಿದೀವಿ ಅಂತ ಅವರಿಗೆ ಗೊತ್ತಿರಲಿಲ್ಲ. ಅದಕ್ಕೇ ನಗು ಬರ್ತಿತ್ತು, ಅಯ್ಯೋ ಅಂತಲೂ ಅನ್ನಿಸ್ತಿತ್ತು. ಇದರಲ್ಲಿ ಇಬ್ಬರಿಗೂ ಜನ ಚಪ್ಪಾಳೆ ಹೊಡೀತಾರೆ ಅಂತ ಮೊದಲೇ ಗೊತ್ತಿದೆ." ಹಸ್ತಪ್ರತಿಯ ಕೊನೆಯ ಪುಟ ತಿರುವಿ ಹೇಳಿದರು: "ಇನ್ನೊಂದು. ನಮ್ಮ ಡ್ರೈವರ್ ಮಾತುಗಳನ್ನ ಚಿಕ್ಕದು ಮಾಡಿ. ಅರ್ಧದಷ್ಟು ಸಾಕು. ಉಳಿದಿದ್ದನ್ನ ನನಗೆ ಕೊಡಿ."

ಆ ಕೊನೆಯ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು. ಇವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಹಾಗೆಂದುಕೊಳ್ಳಲು ಕಾರಣವೂ ಇತ್ತು. ಕೆಲವು ತಿಂಗಳಿಂದ ಸಾಹೇಬರು ಜೀಪಿನ ಕೀಲಿಯನ್ನು ತಮ್ಮ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದರು. ಜೀಪು ಕೆಟ್ಟಿದೆ ಎಂದು ಹೇಳಿ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಅದು ತೆಂಗಿಗೆ ನುಸಿ ಬಿದ್ದ ಕಾಲ. ದಿನವೂ ತೋಟಗಳಿಗೆ ಹೋಗಬೇಕಿತ್ತು. ಇವರು ಗಂಡಸಿಗೂ ಬಾಣಾವರಕ್ಕೂ ಬಸ್ಸಿನಲ್ಲಿ ನಿಂತು ಹೋಗಿ ಬರುತ್ತಿದ್ದರು. ಡ್ರೈವರಣ್ಣನಿಗೆ ಕಚೇರಿಯ ಹಿಂದಿನ ಸಸಿಗಳಿಗೆ ನೀರು ಬಿಡುವ ಕೆಲಸ. "ನಾಟಕದಲ್ಲಿ ಬಯ್ಯಿಸ್ಕೊಂಡಿದ್ದರ ಸೇಡು ತೀರಿಸ್ಕೋತಾವ್ನೆ ಕಣ್ರೀ," ಎಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದರು. ನಾನೂ ತಲೆಯಾಡಿಸುತ್ತಿದ್ದೆ. ಡ್ರೈವರಣ್ಣನ ಮಾತುಗಳಲ್ಲಿ ಒಂದಕ್ಷರವನ್ನೂ ಕಡಿಮೆ ಮಾಡಲಿಲ್ಲ.

ಬೇಲೂರಿನ ಕಲ್ಯಾಣ ಮಂಟಪವೊಂದರಲ್ಲಿ, ಭಾನುವಾರ ಮಧ್ಯಾಹ್ನ ನಾಟಕ. ಕೂರಲು ಜಾಗವಿಲ್ಲದಷ್ಟು ಜನ. ಮೊದಲ ಅರ್ಧ ಗಂಟೆಯಲ್ಲಿ ನಗು ಬಿದ್ದದ್ದೇ ಕಡಿಮೆ. "ನನ್ನ ಸರ್ವೀಸಲ್ಲೇ" ಎಂಬ ಮಾತಿಗೆ ಮೊದಲ ಸಲ ಚಪ್ಪಾಳೆ ಬಿತ್ತು, ಎರಡನೇ ಸಲ ನಾಲ್ಕಾರು ಜನ ನಕ್ಕರು, ಮೂರನೇ ಸಲ ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಕುಣಿತದ ಹೊತ್ತಿಗೆ ಹೆಂಗಸರು ತಂತಮ್ಮಲ್ಲೇ ಮಾತಿಗೆ ಶುರುಮಾಡಿದ್ದರು. ಪರದೆಯ ಪಕ್ಕದಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸುತ್ತಿತ್ತು.

ಆಮೇಲೆ ಡ್ರೈವರಣ್ಣ ಒಂದು ಉದ್ದನೆಯ ಮಾತಿನ ನಡುವೆ ನಿಂತುಬಿಟ್ಟರು. ನಾನು ಮುಂದಿನ ಮಾತನ್ನು ಪಿಸುಗುಟ್ಟಿದೆ. ಅವರು ನನ್ನತ್ತ ತಿರುಗಿ ಯಾರೋ ಅಪರಿಚಿತಳನ್ನು ನೋಡುವಂತೆ ನೋಡಿದರು. ಮತ್ತೆ ಸಾಹೇಬರ ಕಡೆ ತಿರುಗಿ ಕೇಳಿದರು:

"ನಾವು ಎಲ್ಲಿಗೆ ಹೊಂಟಿದ್ವಿ?"

ಅದು ನಾಟಕದಲ್ಲಿರಲಿಲ್ಲ. ಸಾಹೇಬರು ಟಕ್ಕೆಂದು ಸೆಲ್ಯೂಟ್ ಹೊಡೆದರು. "ತಮಗೇ ಗೊತ್ತಿಲ್ಲ ಅಂದ್ಮೇಲೆ ನನಗೆ ಹೆಂಗೆ ಗೊತ್ತಾಗ್ಬೇಕು ಸಾರ್?"

ಇಡೀ ಮಂಟಪ ನಕ್ಕಿತು.

"ಈ ಬಟ್ಟೆ ಯಾರ್ದು?"

"ಸರ್ಕಾರದ್ದು ಸಾರ್. ಒಗೆಯೋದು ಮಾತ್ರ ನೀವು."

"ನಾನ್ಯಾರು?"

"ನೀವು ಹೆಡ್ ಕಾನ್‌ಸ್ಟೇಬಲ್ ಸಾರ್. ನಾನು ನಿಮ್ಮ ಹಿಂದೆ ಬರೋನು."

ಜನ ಕುರ್ಚಿ ತಟ್ಟಿಕೊಂಡು ನಕ್ಕರು. ಸಾಹೇಬರು ಡ್ರೈವರಣ್ಣನ ಕೈ ಹಿಡಿದು, ದಾರಿಯಲ್ಲಿ ಸಿಕ್ಕ ಕಂಬಕ್ಕೂ ಮೈಕಿಗೂ ಸೆಲ್ಯೂಟ್ ಹೊಡೆಯುತ್ತ ಅವರನ್ನು ನಿಧಾನವಾಗಿ ಒಳಗೆ ಕರೆತಂದರು. ಪರದೆ ಬಿತ್ತು. ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಪಕ್ಕದಲ್ಲೇ ಹಾದುಹೋದ ಸಾಹೇಬರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ದಣಿವು ಎಂದುಕೊಂಡೆ. ಎಂಥ ನಟರು ಇವರಿಬ್ಬರೂ ಎಂದು ಹಿಗ್ಗಿದೆ.

ಮರುವಾರ ಗಂಡಸಿಯವರು ಬಂದರು. "ಆ ಮರೆಯೋ ಸೀನ್ ಇರಲೇಬೇಕು ಮೇಡಂ. ಇನ್ನೂ ಉದ್ದ ಮಾಡಿ." ನಾನು ಕೂತು ಬರೆದೆ. ಹೆಡ್ ಕಾನ್‌ಸ್ಟೇಬಲ್ ತನ್ನ ಹೆಸರು ಮರೆಯುತ್ತಾನೆ, ಮನೆ ಮರೆಯುತ್ತಾನೆ, ಹೆಂಡತಿಯನ್ನು ಕಂಡು "ನಮಸ್ಕಾರ ತಾಯಿ" ಎನ್ನುತ್ತಾನೆ. ಟೈಪ್ ಮಾಡಿದ ನಾಲ್ಕು ಹಾಳೆಗಳನ್ನು ಸಾಹೇಬರ ಮುಂದಿಟ್ಟೆ. ಅವರು ಪೆನ್ಸಿಲ್ ಎತ್ತಿಕೊಳ್ಳಲಿಲ್ಲ. ಓದಿ ಮುಗಿಸಿ, ಎದ್ದು ಬಾಗಿಲು ಮುಂದೆ ಮಾಡಿ ಬಂದರು.

"ಇದನ್ನ ಅವನಿಗೆ ತೋರಿಸಿದ್ರಾ?"

"ಇಲ್ಲ ಸರ್."

"ತೋರಿಸಬೇಡಿ. ಅವತ್ತು ಅವನು ನಟಿಸಲಿಲ್ಲಮ್ಮ. ಕೇಳಿದ."

ನನಗೆ ಅರ್ಥವಾಗಲಿಲ್ಲ. ಅವರು ಕಿಟಕಿಯ ಕಡೆ ನೋಡುತ್ತ ಹೇಳುತ್ತ ಹೋದರು. ಎಂಟು ತಿಂಗಳ ಹಿಂದೆ ಗಂಡಸಿಗೆ ಹೋಗುವಾಗ ಡ್ರೈವರಣ್ಣ ರಸ್ತೆ ಮಧ್ಯೆ ಜೀಪು ನಿಲ್ಲಿಸಿ, "ಇದು ಯಾವ ಊರು ಸಾ?" ಎಂದು ಕೇಳಿದ್ದರು. ಅದು ಅವರ ಸ್ವಂತ ಊರಿನ ದಾರಿ. ಅವತ್ತೇ ಸಾಹೇಬರು ಕೀಲಿ ತೆಗೆದುಕೊಂಡರು. ಹಾಸನದ ವೈದ್ಯರ ಬಳಿ ಅವರನ್ನು ತಾವೇ ಕರೆದುಕೊಂಡು ಹೋದರು. ಮೆದುಳಿನಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತಿವೆ, ಹೋದ ನೆನಪು ಹಿಂದಿರುಗುವುದಿಲ್ಲ ಎಂದರಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಡ್ರೈವರಣ್ಣ ಸಾಹೇಬರ ಕೈ ಹಿಡಿದುಕೊಂಡು, "ಡ್ರೈವರ್‌ಗೇ ದಾರಿ ಮರ್ತೋಯ್ತದೆ ಅಂದ್ರೆ ಊರೆಲ್ಲ ನಗ್ತದೆ ಸಾ. ಯಾರಿಗೂ ಹೇಳ್ಬೇಡಿ," ಎಂದಿದ್ದರು. ಇವರು ಯಾರಿಗೂ ಹೇಳಲಿಲ್ಲ. ಊರು ನಗದಿರಲಿ ಎಂದು ಊರಿನಿಂದ ತಾವು ಬಯ್ಯಿಸಿಕೊಂಡರು.

"ಮತ್ತೆ ನಾಟಕಕ್ಕೆ ಯಾಕೆ ಸರ್ ಒಪ್ಪಿದ್ರಿ?" ಎಂದೆ. 

"ಮೊದಲನೇ ನಾಟಕ ಅವನಿಗೆ ಈಗಲೂ ಬಾಯಿಪಾಠ. ನೀರು ಬಿಡ್ತಾ ಒಬ್ಬನೇ ಹೇಳ್ಕೋತಿರ್ತಾನೆ. ಅದೊಂದನ್ನೂ ಕಿತ್ಕೊಳ್ಳೋಕೆ ಮನಸ್ಸಾಗಲಿಲ್ಲ. ಮಾತು ಚಿಕ್ಕದಾದ್ರೆ ದಾಟಿಸಿಬಿಡಬಹುದು ಅಂದ್ಕೊಂಡೆ. ನಂದೂ ತಪ್ಪೇ." ನಾಲ್ಕೂ ಹಾಳೆಗಳನ್ನು ನನ್ನತ್ತ ಸರಿಸಿದರು. "ಅವತ್ತು ಬಟ್ಟೆ ಬದಲಾಯಿಸ್ತಾ ಕೇಳಿದ, ಜನ ಯಾಕೆ ಸಾ ಅಷ್ಟು ನಕ್ರು ಅಂತ. ಚೆನ್ನಾಗಿ ಮಾಡ್ದೆ ಕಣಯ್ಯ, ಅದಕ್ಕೇ ಅಂದೆ. ಇನ್ನೊಂದ್ಸಲ ಹಂಗೆ ಹೇಳೋಕೆ ನನ್ನ ಕೈಲಾಗಲ್ಲ."

ಗಂಡಸಿಯವರಿಗೆ ಪತ್ರವನ್ನು ಅವರೇ ಹೇಳಿ ಬರೆಸಿದರು. ಪೇದೆಯ ಪಾತ್ರಧಾರಿಗೆ ಇಷ್ಟವಿಲ್ಲದ ಕಾರಣ ನಾಟಕ ಆಡಲಾಗುವುದಿಲ್ಲ ಎಂದು. ನಾನು ಟೈಪ್ ಮಾಡಿದೆ. ಆ ಮಾತು ತಾಲ್ಲೂಕೆಲ್ಲ ಹರಡಿತು. ಚಪ್ಪಾಳೆಯೆಲ್ಲ ಡ್ರೈವರಿಗೆ ಸಿಕ್ಕಿತು ಎಂದು ಸಾಹೇಬ ನಾಟಕವನ್ನೇ ನಿಲ್ಲಿಸಿಬಿಟ್ಟ ಎಂದು ಜನ ನಂಬಿದರು. ಎರಡು ವರ್ಷಗಳ ಮೇಲೆ ಅವರ ನಿವೃತ್ತಿಯ ದಿನ ಹಾಕಿದ್ದ ಕುರ್ಚಿಗಳಲ್ಲಿ ಅರ್ಧ ಖಾಲಿಯಿದ್ದವು. ಮಾತನಾಡಿದವರು ಯಾರೂ ನಾಟಕದ ಸುದ್ದಿ ಎತ್ತಲಿಲ್ಲ. ಎದ್ದು ನಿಂತು ಹೇಳಿಬಿಡೋಣ ಎಂದು ನನಗೆ ಗಂಟಲವರೆಗೂ ಬಂದಿತ್ತು. ಕೊನೆಯ ಸಾಲಿನಲ್ಲಿ ಡ್ರೈವರಣ್ಣ ಹೊಸ ಅಂಗಿ ಹಾಕಿಕೊಂಡು ಕೂತಿದ್ದರು. ಅವರನ್ನು ನೋಡಿ ಸುಮ್ಮನಾದೆ. ನಾನು ಸುಮ್ಮನಾದದ್ದು ಸಾಹೇಬರಿಗೂ ಗೊತ್ತಾಯಿತು. ನನ್ನ ಕಡೆ ನೋಡಿ, ಸರಿ ಎನ್ನುವಂತೆ ತಲೆಯಾಡಿಸಿದರು.

ನಾನು ಮತ್ತೆ ಹಾಸ್ಯ ನಾಟಕ ಬರೆಯಲು ಬಹಳ ವರ್ಷ ಬೇಕಾಯಿತು. ಈಗಲೂ ಬರೆಯುವಾಗ ಯಾರಾದರೂ ಮೈಮರೆತು ನಗುವಂಥ ಸಾಲು ಬಂದರೆ, ಇದು ಯಾರಿಗೆ ನೋಯುತ್ತದೆ ಎಂದು ಮೊದಲು ಯೋಚಿಸುತ್ತೇನೆ. ಅದನ್ನು ಕಲಿಸಿದವರು ಅವರು. ಕಲಿಸಿದ್ದಕ್ಕೆ ಅವರು ತೆತ್ತ ಬೆಲೆಯನ್ನು ನಾನು ಹಿಂದಿರುಗಿಸಲಿಲ್ಲ. ಒಂದು ಸಲವಾದರೂ ಬೇಲೂರಿಗೆ ಹೋಗಿ, ತಪ್ಪಾಯಿತು ಸರ್, ಎನ್ನಬೇಕು ಎಂದುಕೊಳ್ಳುತ್ತಲೇ ಇದ್ದೆ.

ಹೋಗಿದ್ದು ಅವರು ತೀರಿಕೊಂಡ ದಿನ. ಹೃದಯಾಘಾತ, ಬೆಳಿಗ್ಗೆ ಸ್ನಾನ ಮುಗಿಸಿ ಬಂದವರು ಕುರ್ಚಿಯಲ್ಲೇ ಒರಗಿದರಂತೆ. ಹಜಾರದಲ್ಲಿ ಮಲಗಿಸಿದ್ದರು. ಬಿಳಿ ಬಟ್ಟೆ ಉಟ್ಟ ಹಿರಿಯರೊಬ್ಬರು ಮೆಲುದನಿಯಲ್ಲಿ ಬುದ್ಧಂ ಶರಣಂ ಗಚ್ಛಾಮಿ ಎಂದು ತ್ರಿಶರಣ ಹೇಳುತ್ತಿದ್ದರು. ಗೋಡೆಯ ಪಕ್ಕದ ಬೆಂಚಿನ ಮೇಲೆ ಡ್ರೈವರಣ್ಣ ಕೂತಿದ್ದರು. ಅವರ ಹೆಂಡತಿ ಬಸ್ಸಿನಲ್ಲಿ ಕರೆತಂದಿದ್ದರು.

ನನ್ನನ್ನು ಹೇಗೋ ಗುರುತು ಹಿಡಿದರು. "ಟೈಪಿಸ್ಟಮ್ಮ, ಯಾರು ತೀರ್ಕಂಡಿರೋದು?"

"ನಮ್ಮ ಸಾಹೇಬ್ರು ಅಣ್ಣ."

ಅವರು ಬಾಯಿಗೆ ಟವೆಲ್ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಅತ್ತು ಸುಧಾರಿಸಿಕೊಂಡು, ಕಣ್ಣೊರೆಸಿಕೊಂಡು, ಸ್ವಲ್ಪ ಹೊತ್ತು ಜನರನ್ನು ನೋಡಿದರು. ಮತ್ತೆ ಅದನ್ನೇ ಕೇಳಿದರು. ಮತ್ತೆ ಹೇಳಿದೆ. ಆಗತಾನೇ ಕೇಳಿದವರಂತೆ ಮತ್ತೆ ಅಷ್ಟೇ ಅತ್ತರು.

ಮೂರನೇ ಸಲ ಕೇಳಿದಾಗ ನನ್ನ ಕೈಲಾಗಲಿಲ್ಲ. "ಗೊತ್ತಿಲ್ಲ ಅಣ್ಣ," ಎಂದೆ.

ಅವರಿಗೆ ಸಿಟ್ಟು ಬಂತು. ಆರಡಿಯ ಆಳು ಎದ್ದು ನಿಂತರು. "ಯಾರು ಸತ್ತವ್ರೆ ಅಂತ ಗೊತ್ತಿಲ್ದೇನೇ ಸಾವಿನ ಮನೆಗೆ ಬಂದ್ಬಿಟ್ರಾ? ಓದಿದೋರಾಗಿ ಅಷ್ಟೂ ತಿಳೀಬಾರ್ದಾ ನಿಮ್ಗೆ?" ಹಳೆಯ ಗಂಟಲು, ಹಜಾರದುದ್ದಕ್ಕೂ ಕೇಳಿಸಿತು. ಜನ ತಿರುಗಿ ನೋಡಿದರು. ಹಿಂದೆ ಯಾರೋ ನಗು ತಡೆದುಕೊಂಡದ್ದು ಕೇಳಿಸಿತು.

"ತಪ್ಪಾಯ್ತು," ಎಂದೆ. ಅವರು ಇನ್ನೂ ಬಯ್ಯುತ್ತಲೇ ಇದ್ದರು. ತಲೆ ತಗ್ಗಿಸಿಕೊಂಡು ಅವರ ಮುಂದೆ ನಿಂತಿದ್ದೆ.