ನನ್ನ ಹೊಸ ಕ್ಯಾಮೆರಾ, ಅವರ ಹೆಜ್ಜಾರ್ಲೆ

ಜಕ್ಕೂರು ಕೆರೆಯ ಮೇಲೆ ಹೆಜ್ಜಾರ್ಲೆಯೊಂದು ಹಾರಿತು. ಅದರ ಜೊತೆಗೇ ಹೊಸ ಕ್ಯಾಮೆರಾ ತಿರುಗಿಸುತ್ತಾ ಇಪ್ಪತ್ತು ಫೋಟೊ ಹೊಡೆದೆ. ಇಪ್ಪತ್ತೂ ಮಸುಕು. ಕೈ ನಡುಗಿದರೂ ಚಿತ್ರ ಅಲುಗದ ಕ್ಯಾಮೆರಾ ಎಂದು ಮನೆಯಲ್ಲಿ ಕೊಚ್ಚಿಕೊಂಡಿದ್ದೆ!

ಬೆಂಚಿನಲ್ಲಿದ್ದ ಹಿರಿಯರೊಬ್ಬರು ಇಣುಕಿ ನೋಡಿದರು. “ಸ್ಟೆಬಿಲೈಸರ್ ಆಫ್ ಮಾಡಿ ಸಾರ್. ನೀವು ಬೇಕಂತ್ಲೇ ತಿರುಗಿಸಿದ್ರೂ, ಕೈ ನಡುಗ್ತಿದೆ ಅನ್ಕೊಂಡು ಅದು ತಡೆಯೋಕೆ ನೋಡುತ್ತೆ.”

“ನೀವೇ ತೆಗೀರಿ ನೋಡೋಣ” ಎಂದೆ, ಕೊಂಕಾಗಿಯೇ. ಕ್ಯಾಮೆರಾ ಕೊಡುವಾಗ ಕಂಡೆ, ಅವರ ಕೈಗಳೇ ಗಡಗಡ ನಡುಗುತ್ತಿದ್ದವು. ಸ್ಟೆಬಿಲೈಸರ್ ಆಫ್ ಮಾಡಿದರು. ಇನ್ನೊಂದು ಹಕ್ಕಿ ಬಂದಾಗ ಮೊಣಕೈಗಳನ್ನು ಪಕ್ಕೆಗೊತ್ತಿ, ಸೊಂಟದಿಂದಲೇ ತಿರುಗಿ ಒಂದೇ ಒಂದು ಫೋಟೊ ತೆಗೆದರು. ಹಕ್ಕಿಯ ಕಣ್ಣೂ ಸ್ಪಷ್ಟವಾಗಿತ್ತು.

ಅದೀಗ ನನ್ನ ವಾಟ್ಸ್‌ಆ್ಯಪ್ ಡಿಪಿ. ಹೊಗಳಿದವರಿಗೆಲ್ಲ ಥ್ಯಾಂಕ್ಸ್ ಹೇಳುತ್ತಿದ್ದೇನೆ. ತೆಗೆದವರು ಯಾರೆಂದು ಯಾರೂ ಕೇಳಿಲ್ಲ. ನಾನು ಮಾತ್ರ ಆ ಬೆಂಚಿನ ದಾರಿ ಬಿಟ್ಟು ವಾಕಿಂಗ್ ಹೋಗುತ್ತಿದ್ದೇನೆ.