ಟ್ರಿಯೆಸ್ಟ್ ಖಾಲಿ ಬಿಡಿ, ಮೇಡಂ

ಕಳೆದ ತಿಂಗಳು ಹಳೆಯ ಕೋಟೊಂದನ್ನು ಒಗೆಯಲು ಕೊಡೋಣವೆಂದು ಜೇಬು ತಡಕಿದಾಗ ಮಡಿಸಿದ ಚೀಟಿಯೊಂದು ಸಿಕ್ಕಿತು. ಅದಕ್ಕಿನ್ನೂ ಕೊಬ್ಬರಿಯ ವಾಸನೆ ಅಂಟಿಕೊಂಡಿತ್ತೋ, ನನ್ನ ಮೂಗಿಗೆ ಹಾಗನ್ನಿಸಿತೋ ಗೊತ್ತಿಲ್ಲ. ಬಿಡಿಸಿದರೆ ನನ್ನದೇ ದುಂಡು ಅಕ್ಷರ: ‘ವೆನಿಸ್ ಸೈನ್ಯ ಟ್ರಿಯೆಸ್ಟ್‌ಗೆ.’ ಓದುತ್ತಲೇ ಕಿವಿ ಬಿಸಿಯಾಯಿತು. ಅರಸೀಕೆರೆಯಲ್ಲಿ ಇತಿಹಾಸದ ಪಾಠ ಹೇಳಿಕೊಂಡಿರುವವನ ಜೇಬಿನಲ್ಲಿ ಇಟಲಿಯ ಸೈನ್ಯಕ್ಕೇನು ಕೆಲಸ ಎಂದು ನೀವು ಕೇಳುತ್ತೀರಿ. ಹೇಳಿದ ಮೇಲೆ ನನ್ನ ಮೇಲಿನ ಗೌರವ ಒಂದು ತೂಕ ಕಡಿಮೆಯಾದರೆ ತಕರಾರಿಲ್ಲ. ನನ್ನ ಹೆಂಡತಿಗೆ ಅದು ಎಂದೋ ಆಗಿದೆ.

ನಾವು ಏಳು ಜನ ಭಾನುವಾರ ಮಧ್ಯಾಹ್ನ ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ ಸೇರಿ ಒಂದು ಆಟ ಆಡುತ್ತಿದ್ದೆವು. ಹಲಗೆಯ ಮೇಲೆ ಹಳೆಯ ಯೂರೋಪಿನ ನಕಾಶೆ. ಒಬ್ಬೊಬ್ಬರಿಗೆ ಒಂದೊಂದು ದೇಶ. ನಮ್ಮ ಬಾಯಲ್ಲಿ ಅದರ ಹೆಸರು ‘ಏಳು ದೇಶ’. ದಾಳವಿಲ್ಲ, ಅದೃಷ್ಟದ ಮಾತೇ ಇಲ್ಲ. ಪ್ರತಿ ಸುತ್ತಿಗೂ ಮುಂಚೆ ಇಬ್ಬಿಬ್ಬರು ಮೂಲೆ ಸೇರಿ ಪಿಸುಗುಟ್ಟಿ ಒಪ್ಪಂದ ಮಾಡಿಕೊಳ್ಳಬಹುದು. ಆಮೇಲೆ ಯಾರ ಸೈನ್ಯ, ಯಾರ ಹಡಗು ಎಲ್ಲಿಗೆ ಹೋಗಬೇಕೆಂದು ಗುಟ್ಟಾಗಿ ಚೀಟಿಯಲ್ಲಿ ಬರೆದು, ಎಲ್ಲವನ್ನೂ ಒಟ್ಟಿಗೇ ಬಿಚ್ಚಬೇಕು. ಆಡಿದ ಮಾತಿನಂತೆ ಬರೆಯಬೇಕೆಂದೇನೂ ಇಲ್ಲ. ಬೇರೆ ಆಟಗಳಲ್ಲಿ ಕಳ್ಳಾಟವಾಡಿದರೆ ಎಬ್ಬಿಸಿ ಕಳಿಸುತ್ತಾರೆ; ಇದರಲ್ಲಿ ಬೆನ್ನು ತಟ್ಟುತ್ತಾರೆ. ವಿಮೆ ಏಜೆಂಟ್ ಬಸವರಾಜು ಇದನ್ನು ಒಂದೇ ವಾರದಲ್ಲಿ ಕಲಿತ. ನಾನಂತೂ ನಿಯಮದ ಪುಸ್ತಕ ಬಾಯಿಪಾಠ ಮಾಡಿ, ಅಲ್ಲಿನ ಜಗದ್ಗುರು ಪಟ್ಟವನ್ನು ಯಾರೂ ಕೊಡದೆ ನಾನೇ ಏರಿ ಕೂತಿದ್ದೆ.

ನಮ್ಮಲ್ಲೊಬ್ಬರಿಗೆ ವರ್ಗವಾಗಿ ಏಳನೆಯ ಕುರ್ಚಿ ಖಾಲಿಯಾದಾಗ ಬಂದವರು ನಾಗರತ್ನ ಮೇಡಂ. ಹಾರನಹಳ್ಳಿಯ ಶಾಲೆಯಲ್ಲಿ ಟೀಚರು. ಟೆಂಪೊ ಹತ್ತಿ ಬರುತ್ತಿದ್ದರು. ಮುಂದಿನ ಆಟಕ್ಕೆ ದೇಶಗಳನ್ನು ಚೀಟಿ ಎತ್ತಿ ಹಂಚಿಕೊಂಡಾಗ ಅವರಿಗೆ ಆಸ್ಟ್ರಿಯಾ ಬಂತು, ನನಗೆ ಪಕ್ಕದ ಇಟಲಿ. “ಸಾರ್, ನಂಗೆ ತಲೆಬುಡ ಗೊತ್ತಿಲ್ಲ. ಶುರು ಹೆಂಗ್ ಮಾಡ್ಬೇಕು ಅಂತ ಹೇಳ್ಕೊಡ್ತೀರಾ?” ಎಂದು ಕೇಳಿದರು. ಜಗದ್ಗುರುವಿಗೆ ಇದಕ್ಕಿಂತ ಇನ್ನೇನು ಬೇಕು?

ಎರಡು ಶನಿವಾರ ನಮ್ಮ ಮನೆಯಲ್ಲಿ ಪಾಠ. ಅವರು ನೋಟ್‌ಬುಕ್ಕಿಗೆ ಬೈಂಡು ಹಾಕಿ, ಅಂಚು ಗೆರೆ ಎಳೆದುಕೊಂಡು ಬಂದಿದ್ದರು. ನಾನು ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸತ್ಯ ಎಂಬುದನ್ನು ದಯವಿಟ್ಟು ಗಮನಿಸಿ. ಮೊದಲ ಸುತ್ತಿನಲ್ಲಿ ಸೈನ್ಯಕ್ಕಿಂತ ಮಾತು ದೊಡ್ಡದು, ಆರು ಜನರ ಹತ್ತಿರವೂ ಮಾತಾಡಿ, ನಿಮ್ಮ ಹತ್ತಿರ ಮಾತಾಡದೆ ತಪ್ಪಿಸಿಕೊಳ್ಳುವವನ ಮೇಲೆ ಕಣ್ಣಿಡಿ ಎಂದೆ. ಸೆರ್ಬಿಯಾ ಯಾರದ್ದೂ ಅಲ್ಲ, ಮೊದಲು ಅದನ್ನು ಹಿಡಿಯಿರಿ ಎಂದೆ. ಅಷ್ಟೂ ಸರಿ. ಆಮೇಲೆ ಗಂಟಲು ಸರಿಮಾಡಿಕೊಂಡು, “ಟ್ರಿಯೆಸ್ಟ್‌ನಲ್ಲಿರೋ ನಿಮ್ಮ ಹಡಗನ್ನ ಅಲ್ಬೇನಿಯಾಕ್ಕೆ ಕಳಿಸಿ. ವಿಯೆನ್ನಾ ಸೈನ್ಯ ರಷ್ಯದ ಕಡೆಗೆ ಹೋಗ್ಲಿ. ಟ್ರಿಯೆಸ್ಟ್ ಖಾಲಿ ಬಿಡಿ ಮೇಡಂ, ಪಕ್ಕದಲ್ಲಿ ನಾನಿದ್ದೀನಲ್ಲ” ಎಂದೆ.

ಅವರು ಪೆನ್ನು ಎತ್ತಿ ಕೇಳಿದರು: “ಮಾಲೇಕಲ್ಲು ತಿಮ್ಮಪ್ಪನ ಆಣೆ?”

“ಪಾಠ ಹೇಳೋನ ಹತ್ರ ಆಣೆ ಕೇಳ್ತಾರಾ ಮೇಡಂ?” ಎಂದು ನಕ್ಕೆ. ಅವರೂ ನಾಚಿಕೊಂಡು ನಕ್ಕು, ಬರೆದುಕೊಂಡು, ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದರು.

ಅವರು ಹೋದ ಮೇಲೆ ಹೆಂಡತಿ ಕಾಫಿ ಲೋಟ ಎತ್ತುತ್ತಾ, “ಇಟಲಿ ನಿಮ್ದು, ಆಸ್ಟ್ರಿಯಾ ಅವ್ರದ್ದು, ಪಾಠ ಹೇಳೋರೂ ನೀವೇನಾ?” ಎಂದಳು. “ನಿನಗೆ ಈ ಆಟ ಅರ್ಥವಾಗಲ್ಲ” ಎಂದೆ. ಮನೆಯಲ್ಲಿ ಆಟ ಅರ್ಥವಾಗಿದ್ದವಳು ಅವಳೊಬ್ಬಳೇ.

ಭಾನುವಾರ ಚೀಟಿಗಳು ಬಿಚ್ಚಿಕೊಂಡವು. ಅವರು ನೋಟ್‌ಬುಕ್ಕಿನಲ್ಲಿದ್ದಂತೆಯೇ ಚಾಚೂ ತಪ್ಪದೆ ಬರೆದಿದ್ದರು. ನಾನು ಬರೆದದ್ದು ನಿಮಗೆ ಗೊತ್ತೇ ಇದೆ. ಖಾಲಿ ಬಿದ್ದ ಟ್ರಿಯೆಸ್ಟ್‌ಗೆ ನನ್ನ ಸೈನ್ಯ ನಡೆದುಕೊಂಡು ಹೋಗಿ ಕೂತಿತು.

“ಏನ್ ಮೇಷ್ಟ್ರೇ, ಕಾಫಿ ಕೊಟ್ಟು ಕತ್ತು ಕುಯ್ದ್ರಲ್ಲಾ!” ಎಂದು ಬಸವರಾಜು ಚಪ್ಪಾಳೆ ತಟ್ಟಿದ. ನಾನು ಹೊಗಳಿಕೆಯನ್ನು ವಿನಯದಿಂದ ಸ್ವೀಕರಿಸುವವನಂತೆ ತಲೆ ಬಾಗಿಸಿದೆ. ತಲೆ ಎತ್ತಿದಾಗ ನಾಗರತ್ನ ಮೇಡಂ ನೋಟ್‌ಬುಕ್ ತೆಗೆದು, ಆ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಓದುತ್ತಿದ್ದರು. ಮೋಸವೆಂದು ಅವರಿಗಿನ್ನೂ ಹೊಳೆದಿರಲಿಲ್ಲ. ತಾನೇ ತಪ್ಪು ಬರೆದುಕೊಂಡೆನೇನೋ ಎಂದು ಹುಡುಕುತ್ತಿದ್ದರು. ಆ ಬೆರಳು ಸಾಲಿನ ಕೊನೆಗೆ ಬಂದು ನಿಂತಿತು.

“ಸರಿಯಾಗೇ ಬರ್ಕೊಂಡಿದ್ದೀನಿ ಸಾರ್” ಎಂದರು. ನೋಟ್‌ಬುಕ್ ಮುಚ್ಚುತ್ತಾ, “ಆಟದಲ್ಲಿ ಸುಳ್ಳು ಇರುತ್ತೆ ಅಂತ ಗೊತ್ತಿತ್ತು. ಪಾಠದಲ್ಲೂ ಇರುತ್ತೆ ಅಂತ ಗೊತ್ತಿರ್ಲಿಲ್ಲ” ಎಂದರು.

ಅಲ್ಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. “ಇದೂ ಒಂದು ಪಾಠವೇ ಅಂದ್ಕೊಳ್ಳಿ ಮೇಡಂ” ಎಂದುಬಿಟ್ಟೆ! ಯಾರೂ ನಗಲಿಲ್ಲ. ಬಸವರಾಜು ಕೂಡ ಕಿಟಕಿಯ ಕಡೆ ನೋಡಿದ.

ಅವರು ಎದ್ದು ಹೋಗಲಿಲ್ಲ. ಉಳಿದ ಎರಡು ತುಂಡು ಸೈನ್ಯ ಇಟ್ಟುಕೊಂಡು, ನಾನು ಕಲಿಸಿದ್ದ ಮೊದಲ ಪಾಠವನ್ನು ನನ್ನ ಮೇಲೆಯೇ ಪ್ರಯೋಗಿಸಿದರು. ಎಲ್ಲರ ಹತ್ತಿರವೂ ಹೋಗಿ ಮಾತಾಡಿದರು, ಆಡಿದಂತೆಯೇ ಚೀಟಿ ಬರೆದರು. ಮೂರು ಸುತ್ತು ಹೀಗಾದ ಮೇಲೆ ಅವರು ಹೇಳಿದ್ದನ್ನು ಎಲ್ಲರೂ ನಂಬತೊಡಗಿದರು, ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಸಂಜೆಯ ಹೊತ್ತಿಗೆ ರೋಮಿನಲ್ಲಿ ಬಸವರಾಜುವಿನ ಹಡಗು ನಿಂತಿತ್ತು. ನಾನು ಕೆಳಗಿಳಿದು ಕೊಬ್ಬರಿ ಚೀಲದ ಮೇಲೆ ಕೂತು ಎಲ್ಲರಿಗೂ ಟೀ ತರಿಸುವ ಕೆಲಸಕ್ಕೆ ಬಿದ್ದೆ.

ಆಮೇಲೆ ಬಂದ ಹೊಸಬರೆಲ್ಲ ಕಲಿಯಲು ಅವರ ಹತ್ತಿರವೇ ಹೋದರು. ಒಮ್ಮೆ ಕದ್ದು ಕೇಳಿಸಿಕೊಂಡೆ: “ಈ ಸಲ ನಾನೇ ನಿಮ್ಮ ನೆರೆಯೋಳು. ಆಟ ಶುರುವಾದ್ಮೇಲೆ ನನ್ನ ನಂಬೇಡಿ. ಈಗ ನಂಬಿ.” ಪಾಠಕ್ಕೂ ಆಟಕ್ಕೂ ನಡುವೆ ಇಷ್ಟು ಸಲೀಸಾದ ಗೆರೆಯೊಂದು ನನಗೆ ಕಂಡಿರಲಿಲ್ಲವಲ್ಲ! ನನ್ನ ಹೆಸರಂತೂ ಎಷ್ಟು ಕೆಟ್ಟಿತ್ತೆಂದರೆ, ಹೊರಗೆ ಮಳೆ ಬರುತ್ತಿದೆ ಎಂದರೆ ಬಸವರಾಜು ಕೈ ಚಾಚಿ ನೋಡುತ್ತಿದ್ದ. ಕೊನೆಗೆ ಮೇಡಂಗೂ ಹಳೇಬೀಡಿನ ಕಡೆಗೆ ವರ್ಗವಾಯಿತು, ನಮ್ಮ ಆಟವೂ ನಿಂತುಹೋಯಿತು. ಕ್ಷಮಿಸಿ ಎಂಬ ಒಂದು ಮಾತು ಹೇಳಲು ನನಗೆ ಪುರುಸೊತ್ತಾಗಲಿಲ್ಲ. ಐದು ವರ್ಷ ಪುರುಸೊತ್ತಾಗಲಿಲ್ಲ.

ಆ ಚೀಟಿ ಸಿಕ್ಕ ದಿನವೇ ಫೋನ್ ಮಾಡಿದೆ. ತಪ್ಪೊಪ್ಪಿಗೆಯ ಪೀಠಿಕೆ ಎಳೆಯುತ್ತಿದ್ದವನನ್ನು ಅರ್ಧಕ್ಕೇ ತಡೆದು, “ಭಾನುವಾರ ಬನ್ನಿ ಸಾರ್. ಇಲ್ಲೂ ಏಳನೆಯವರು ಸಿಕ್ತಿಲ್ಲ” ಎಂದರು.

ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಹಲಗೆ ಹಾಸಿತ್ತು. ನಿಂತಲ್ಲೇ, “ಅವತ್ತು ನಾನು ಮಾಡಿದ್ದು ತಪ್ಪು ಮೇಡಂ” ಎಂದೆ. ಅವರು ಹಲಗೆಯ ಪಕ್ಕ ಜಾಗ ತೋರಿಸಿ, “ಕೂತ್ಕೊಳ್ಳಿ. ನೀವು ರಷ್ಯ. ನಮ್ಮತ್ತೆ ಟರ್ಕಿ, ಹೊಸಬ್ರು. ಶುರು ಹೆಂಗೆ ಅಂತ ಅವ್ರಿಗೆ ನೀವೇ ಹೇಳ್ಕೊಡಿ” ಎಂದರು. ರಷ್ಯ ಮತ್ತು ಟರ್ಕಿ ಮಗ್ಗುಲಮನೆಯ ಶತ್ರುಗಳೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಪ್ಪತ್ತು ದಾಟಿದ ಅತ್ತೆ ಕನ್ನಡಕ ಏರಿಸಿ, “ಏನಪ್ಪಾ, ಮೊದ್ಲು ಎತ್ಲಾಗ್ ನುಗ್ಬೇಕು?” ಎಂದರು.

“ನನ್ನ ಮೇಲೇ ನುಗ್ಗಿ ಅಮ್ಮ” ಎಂದೆ. “ಸೆವಾಸ್ಟೊಪೋಲ್ ನನ್ನದು. ಕಪ್ಪು ಸಮುದ್ರಕ್ಕೆ ನಿಮ್ಮ ಹಡಗು, ಅರ್ಮೇನಿಯಾಕ್ಕೆ ಒಂದು ಸೈನ್ಯ ಬಂದ್ರೆ ಅದನ್ನ ಉಳಿಸ್ಕೊಳ್ಳೋದು ನನಗೆ ಕಷ್ಟ.”

ಅತ್ತೆ ನನ್ನನ್ನು ಮೇಲಿಂದ ಕೆಳಗೆ ಅಳೆದರು. “ನಿನ್ನೂರ್ನ ನೀನೇ ಕೈಯೆತ್ತಿ ತೋರುಸ್ತೀಯಲ್ಲ, ಇದ್ರಲ್ಲೇನೈತೆ ಮಸಲತ್ತು?”

ಚೀಟಿಗೆಂದು ಕಾಗದ ಹರಿಯುತ್ತಿದ್ದ ನಾಗರತ್ನ ಮೇಡಂ ತಲೆ ಎತ್ತದೆಯೇ ಹೇಳಿದರು: “ನಿಜ ಹೇಳ್ತಾವ್ರೆ ಅತ್ತೆ. ಬರ್ಕಳಿ.”

ಇತಿಹಾಸ ಪಾಠ ಹೇಳಿ ನಾನು ಗಳಿಸಿದ ಹಾರ ತುರಾಯಿಗಳೆಲ್ಲ ಆ ನಾಲ್ಕು ಪದದ ಮುಂದೆ ಏನೂ ಅಲ್ಲ. ಅತ್ತೆ ಬರೆದುಕೊಂಡರು. ಎರಡನೆಯ ಸುತ್ತಿಗೆ ಸೆವಾಸ್ಟೊಪೋಲ್ ಹೋಯಿತು. ನನ್ನ ಹಡಗನ್ನು ಹಲಗೆಯಿಂದ ಎತ್ತಿ ಪಕ್ಕಕ್ಕಿಡುತ್ತಾ ಅವರು ಕೇಳಿದರು: “ಬೇಜಾರಾತೇನಪ್ಪಾ?”

“ಆಯ್ತಮ್ಮ” ಎಂದೆ. ಆ ದಿನ ಸುಳ್ಳು ಹೇಳಬಾರದೆಂದು ಮನೆಯಿಂದಲೇ ತೀರ್ಮಾನಿಸಿಕೊಂಡು ಹೊರಟಿದ್ದೆ.