ಫ್ರಾನ್ಸಿನ ಹಳ್ಳಿಮನೆಯಲ್ಲೊಂದು ಬೀಗರೂಟ

ನಾನು ಓದು ನಿಲ್ಲಿಸಿದ್ದು 1991ರಲ್ಲಿ, ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮಾರನೆಯ ದಿನ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ವಿಜಯನಗರದ ಒಂದು ಛತ್ರದಲ್ಲಿ ಈರುಳ್ಳಿ ಹೆಚ್ಚುವ ಕೆಲಸಕ್ಕೆ ಸೇರಿದೆ. ಪಾತ್ರೆ ತೊಳೆದೆ, ಸಾರು ಕಲಿತೆ, ಮೂವತ್ತು ತುಂಬುವಷ್ಟರಲ್ಲಿ ಸ್ವಂತ ಕೇಟರಿಂಗ್ ಶುರು ಮಾಡಿದೆ. ಮದುವೆ, ನಾಮಕರಣ, ತಿಥಿ, ಗೃಹಪ್ರವೇಶ ಎಲ್ಲಕ್ಕೂ ಅಡುಗೆ ಮಾಡಿದ್ದೇನೆ. ಆದರೆ ಆರ್‌ಪಿಸಿ ಲೇಔಟಿನಿಂದ ಕೆಂಗೇರಿಯವರೆಗೆ ಜನ ನನ್ನನ್ನು ಹುಡುಕಿಕೊಂಡು ಬರುವುದು ಬೀಗರೂಟಕ್ಕೆ. ಮದುವೆಯಾದ ಮೇಲೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನು ಕರೆದು ಹಾಕುವ ಬಾಡೂಟ ಅದು. ಅದರಲ್ಲಿ ಉಪ್ಪು ಹೆಚ್ಚಾದರೆ ಸಂಬಂಧಕ್ಕೂ ಉಪ್ಪು ಹತ್ತುತ್ತದೆ ಎನ್ನುವ ಜನ ನಾವು.

2023ರ ಬೇಸಿಗೆಯಲ್ಲಿ ಹೇರೋಹಳ್ಳಿಯ ಚಿಕ್ಕೇಗೌಡರು ಅಂಗಡಿಗೆ ಬಂದರು. ಅವರ ಮಗ ನವೀನನ ಮದುವೆ ಹಿಂದಿನ ವರ್ಷವೇ ಆಗಿತ್ತು. ಹುಡುಗಿ ಫ್ರಾನ್ಸಿನವಳು, ಹೆಸರು ಕ್ಲೇರ್. ನಾಗರಬಾವಿಯಲ್ಲಿ ಕಾನೂನು ಓದಲು ಬಂದು ಗೌಡರ ಬಾಡಿಗೆ ರೂಮಿನಲ್ಲಿದ್ದವಳು, ಈಗ ಅದೇ ಮನೆಯ ಸೊಸೆ. ಕನ್ನಡ ಚೆನ್ನಾಗಿಯೇ ಆಡುತ್ತಿದ್ದಳು. ನಾವೆಲ್ಲ ಅವಳನ್ನು ಕ್ಲೇರಮ್ಮ ಎನ್ನುತ್ತಿದ್ದೆವು.

"ಮಂಜಣ್ಣ, ಪಾಸ್‌ಪೋರ್ಟ್ ಮಾಡಿಸ್ಕೋ. ಫ್ರಾನ್ಸಲ್ಲಿ ಬೀಗರೂಟ" ಎಂದರು ಗೌಡರು.

ನಾನು ನಕ್ಕೆ. ಅವರು ನಗಲಿಲ್ಲ.

ಕ್ಲೇರಮ್ಮನ ಅಜ್ಜಿಗೆ ಎಂಬತ್ತೆಂಟು ದಾಟಿತ್ತು. ವಿಮಾನ ಹತ್ತಲು ಆಗದೆ ಮೊಮ್ಮಗಳ ಮದುವೆಗೆ ಬಂದಿರಲಿಲ್ಲ. ಅವರು ಇಲ್ಲದೆ ಬೀಗರೂಟ ಬೇಡವೆಂದು ಗೌಡರ ಹೆಂಡತಿ ಜಯಮ್ಮ ತಡೆದಿದ್ದರು. "ಹಿರಿತಲೆ ಉಣ್ದೆ ಇದ್ರೆ ಅದ್ಯಾತರ ಬೀಗರೂಟ?" ಎಂಬುದು ಅವರ ಮಾತು. ಹೋಟೆಲಿನಲ್ಲಿ ಹಾಕೋಣ ಎಂದ ಮಗನಿಗೂ ಒಂದೇ ಉತ್ತರ: "ಬೀಗರಿಗೆ ನಮ್ಮ ಒಲೆ ಮೇಲೆ ಬೇಯಿಸಿ ಹಾಕ್ಬೇಕು ಕಣೋ. ಹೋಟೆಲಲ್ಲಿ ತಿನ್ನಿಸಿ ಕಳ್ಸೋಕೆ ಅವರೇನು ಇನ್ಶೂರೆನ್ಸ್ ಏಜೆಂಟ್ರಾ?" ಹಾಗಾಗಿ ಆ ಅಜ್ಜಿಯ ಊರಿನ ಪಕ್ಕದಲ್ಲಿ ಒಂದು ವಾರಕ್ಕೆ ಹಳ್ಳಿಮನೆಯೊಂದನ್ನು ಬಾಡಿಗೆ ಹಿಡಿದರು. ರಜೆಗೆ ಬರುವವರಿಗೆ ಕೊಡುವ ಮನೆ, ಅಲ್ಲಿನವರು ವಿಲ್ಲಾ ಎನ್ನುತ್ತಾರೆ. ಆ ಒಂದು ವಾರ ಅದು ನಮ್ಮ ಮನೆ, ಅದರ ಒಲೆ ನಮ್ಮ ಒಲೆ ಎಂಬುದು ಜಯಮ್ಮನ ಲೆಕ್ಕ.

ಜುಲೈನಲ್ಲಿ ಹೊರಟೆವು. ನನ್ನ ಪೆಟ್ಟಿಗೆಯಲ್ಲಿ ರಾಗಿ ಹಿಟ್ಟು, ಹುರಿದು ಕುಟ್ಟಿದ ಮಸಾಲೆ, ಎರಡು ಮುದ್ದೆ ಕೋಲು. ಟುಲೂಸ್ ಎಂಬ ಪಟ್ಟಣದಲ್ಲಿ ಇಳಿದು ಎರಡು ಗಂಟೆ ಕಾರಿನಲ್ಲಿ ಹೋದೆವು. ಗುಡ್ಡದ ಮೇಲೆ ದಪ್ಪ ಕಲ್ಲುಗೋಡೆಯ ಮನೆ, ಹಿಂದೆ ಹಳೆಯ ದನದ ಕೊಟ್ಟಿಗೆ, ಮುಂದೆ ಚಪ್ಪಡಿ ಹಾಸಿದ ಅಂಗಳ, ಸುತ್ತ ಒಣಗಿ ಹಳದಿಯಾದ ಹುಲ್ಲು. ಹೊರಗಿನಿಂದ ನೋಡಿದರೆ ತಾತನ ಕಾಲದ್ದು. ಒಳಗೆ ಅಡುಗೆಮನೆ ಮಾತ್ರ ಹೊಸದು. ಮೇಣ ಉಜ್ಜಿದ ಮರದ ನೆಲ, ಕರೆಂಟಿನಲ್ಲಿ ಕಾಯುವ ಗಾಜಿನ ಒಲೆ. ಉರಿ ಕಾಣದ ಒಲೆಯನ್ನು ನಾನು ನಂಬುವವನಲ್ಲ. ಎರಡು ದಿನ ಅದರಲ್ಲಿ ಅನ್ನ, ಸಾರು ಮಾಡಿ ನೋಡಿದೆ. ನಿಧಾನ, ಆದರೆ ಬೇಯಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಒಂದಕ್ಕೆ ಊಟ. ಇಪ್ಪತ್ತಾರು ಜನ ಬೀಗರು. ಮಾಂಸದಂಗಡಿಯವನಿಂದ ಹಿಂದಿನ ದಿನವೇ ಕುರಿ ಮಾಂಸ ತಂದಿದ್ದೆವು. ಬೋಟಿ ಬೇಕೆಂದು ಕೇಳಲು ಸಂಕೋಚಪಟ್ಟೆ. ಕ್ಲೇರಮ್ಮ ಕೇಳಿದಾಗ ಆತ, ಇವರಿಗೂ ಇದರ ರುಚಿ ಗೊತ್ತಾ ಎಂದು ಖುಷಿಯಾಗಿ ತೊಳೆದೇ ಕೊಟ್ಟ.

ಆ ಬೆಳಿಗ್ಗೆ ನಾನು ಕೊಟ್ಟಿಗೆಯಲ್ಲಿ ಮಾಂಸ ತೊಳೆಯುತ್ತಿದ್ದೆ. ಗೌಡರಿಗೆ ಬೆಳಗ್ಗೆಯೂ ಮುದ್ದೆಯೇ ಆಗಬೇಕು. ಜಯಮ್ಮ ತಾವೇ ನಿಂತರು. ಮುದ್ದೆ ಮಾಡುವವರಿಗೆ ಗೊತ್ತು, ಹಿಟ್ಟು ಬೆಂದ ಮೇಲೆ ಪಾತ್ರೆ ನೆಲಕ್ಕಿಳಿಸಿ, ಕಾಲಲ್ಲಿ ಅದುಮಿ ಹಿಡಿದು, ಮೈಭಾರ ಬಿಟ್ಟು ಕೋಲು ತಿರುಗಿಸಬೇಕು, ಇಲ್ಲದಿದ್ದರೆ ಗಂಟು. ಬಿಸಿ ಪಾತ್ರೆ ಇಟ್ಟರೆ ಪರರ ಮನೆಯ ಮರದ ನೆಲಕ್ಕೆ ಕಲೆಯಾದೀತು ಎಂದು ಜಯಮ್ಮ ಇಳಿಸಲಿಲ್ಲ. ಒಲೆಯ ಮೇಲೇ ಇಟ್ಟು, ನವೀನನ ಕೈಗೆ ಇಕ್ಕಳ ಕೊಟ್ಟು ಹಿಡಿಸಿ, ಮೈಭಾರವನ್ನೆಲ್ಲ ಬಿಟ್ಟು ತೊಳಸಿದರು.

ಟಪ್ ಎಂದ ಸದ್ದು ನನಗೆ ಕೊಟ್ಟಿಗೆಗೇ ಕೇಳಿಸಿತು.

ಓಡಿ ಹೋಗಿ ನೋಡಿದರೆ ಗಾಜು ಈ ಮೂಲೆಯಿಂದ ಆ ಮೂಲೆಗೆ ಸೀಳಿತ್ತು. ಕರೆಂಟು ಹೋಗಿತ್ತು, ಒಲೆಯ ಕೆಳಗಿನ ಓವನ್ನೂ ಸತ್ತಿತ್ತು. ಜಯಮ್ಮ ಕೋಲು ಹಿಡಿದು ನಿಂತಲ್ಲೇ ನಿಂತಿದ್ದರು.

"ಒಂದು ಹೊತ್ತು ಬ್ರೆಡ್ ತಿಂದಿದ್ರೆ ಏನಾಗ್ತಿತ್ತು?" ಎಂದು ಗೌಡರು ರೇಗಿದರು.

"ಬ್ರೆಡ್ ಕೊಟ್ಟಿದ್ಕೆ ನೆನ್ನೆ ಮುಖ ಊದಿಸ್ಕೊಂಡಿದ್ದು ಯಾರು?" ಎಂದರು ಜಯಮ್ಮ. ಅಷ್ಟು ಹೇಳಿ ಸೆರಗಲ್ಲಿ ಕಣ್ಣೊರೆಸಿಕೊಂಡರು. "ಒಂದು ವರ್ಷ ಕಾದೆ ಮಂಜಣ್ಣ. ಆ ಮುದುಕಿಗೆ ಒಂದು ತುತ್ತು ಹಾಕೋಣ ಅಂತ."

ಭಾನುವಾರ ಅಲ್ಲಿ ಎಲೆಕ್ಟ್ರಿಷಿಯನ್ ಸಿಗುವುದಿಲ್ಲ, ಅಂಗಡಿಗಳೂ ಮುಚ್ಚಿರುತ್ತವೆ. ಗೌಡರು ಫೋನ್ ತೆಗೆದು ಹೋಟೆಲ್ ಹುಡುಕು ಎಂದು ಮಗನಿಗೆ ಹೇಳಿದರು. "ಒಂದು ಗಳಿಗೆ ತಡೀರಿ ಗೌಡ್ರೇ. ನಾನಿನ್ನೂ ಕೈ ತೊಳ್ಕೊಂಡಿಲ್ಲ" ಎಂದೆ. ಮೂವತ್ತು ವರ್ಷದಲ್ಲಿ ಹೊತ್ತಿಗೆ ಎಲೆ ಹಾಕದೆ ನಾನು ಯಾವ ಮನೆಯಿಂದಲೂ ಆಚೆ ಬಂದಿರಲಿಲ್ಲ. ಪರದೇಶದಲ್ಲಿ ಅದನ್ನು ಶುರು ಮಾಡುವ ಇರಾದೆ ನನಗಿರಲಿಲ್ಲ.

ಅಂಗಳದಲ್ಲಿ ಮೂರು ಕಲ್ಲಿಟ್ಟು ಸೌದೆ ಹಚ್ಚೋಣ ಎಂದು ಹೊರಟೆ. ಅಷ್ಟರಲ್ಲಿ ಮನೆಯೊಡತಿ ಬಂದರು. ಗುಡ್ಡದ ಕೆಳಗೇ ಅವರ ಮನೆ. ಕ್ಲೇರಮ್ಮ ನಡುವೆ ನಿಂತು ಮಾತು ದಾಟಿಸಿದಳು. ಗಾಜಿನ ವಿಷಯ ಆಮೇಲೆ ನೋಡೋಣ, ಆದರೆ ಸೌದೆ ಮಾತ್ರ ಹಚ್ಚುವಂತಿಲ್ಲ, ಹೋದ ಬೇಸಿಗೆ ಎದುರಿನ ಗುಡ್ಡ ಒಂದು ಕಿಡಿಗೆ ಉರಿದುಹೋಗಿದೆ ಎಂದರು. ಒಣ ಹುಲ್ಲು ನೋಡಿದ್ದೆನಲ್ಲ, ಅವರ ಮಾತು ಸರಿಯಾಗಿಯೇ ಇತ್ತು. ನಾನು ವಾದ ಮಾಡಲಿಲ್ಲ. ಗ್ಯಾಸ್ ಆದರೆ? ಎಂದು ಕೇಳಿಸಿದೆ. ಚಪ್ಪಡಿಯ ಮೇಲೆ, ಗೋಡೆಯ ಮರೆಯಲ್ಲಿ, ನೀರಿನ ಪೈಪು ಪಕ್ಕದಲ್ಲಿಟ್ಟುಕೊಂಡರೆ ಆಗಬಹುದು ಎಂದರು.

ಗ್ಯಾಸ್ ಒಲೆ ಎಲ್ಲಿಂದ ತರುವುದು? ಆಗ ನಮ್ಮ ಕಸುಬಿನ ಒಂದು ಮಾತು ನೆನಪಾಯಿತು. ಜಾತ್ರೆಯೋ ಹಬ್ಬವೋ, ನೂರು ಜನಕ್ಕೆ ಒಟ್ಟಿಗೆ ಊಟ ಹಾಕುವ ಊರಿನಲ್ಲಿ ದೊಡ್ಡ ಒಲೆ ಎಲ್ಲೋ ಒಂದು ಕಡೆ ಬೀಗ ಹಾಕಿಟ್ಟಿರುತ್ತದೆ.

"ಕ್ಲೇರಮ್ಮ, ನಿಮ್ಮೂರಲ್ಲಿ ಊರಿಗೆಲ್ಲ ಒಟ್ಟಿಗೆ ಊಟ ಹಾಕೋದುಂಟಾ?"

"ಹೌದಣ್ಣ, ಆಗಸ್ಟಲ್ಲಿ. ಇಷ್ಟು ದೊಡ್ಡ ಬಾಣಲೆ!" ಎಂದು ಎರಡೂ ಕೈ ಚಾಚಿದಳು. ತಟ್ಟನೆ ನಿಂತಳು. "ಒಲೆ ಇದೆ! ಕೀ ನಮ್ಮ ಮಾವನ ಹತ್ರ."

ಗೌಡರು ಎದ್ದು ನಿಂತರು. "ಯಾವ ಮಾವ? ನಿಮ್ಮಮ್ಮನ ತಮ್ಮ ತಾನೇ? ಅಂದ್ರೆ ಬೀಗರು! ಬೀಗರ ಹತ್ರ ಒಲೆ ಇಸ್ಕೊಂಡು ಬೀಗರಿಗೇ ಊಟ ಹಾಕೋದಾ? ಹೇರೋಹಳ್ಳೀಲಿ ಗೊತ್ತಾದ್ರೆ ಉಗೀತಾರೆ ಮಂಜಣ್ಣ. ಅದ್ಕಿಂತ ಹೋಟ್ಲೇ ವಾಸಿ."

ಇದು ಸಣ್ಣ ಮಾತಲ್ಲ. ನಮ್ಮ ಕಡೆ ಹೀಗೆ ಮಾತು ಬಂದು ಮುರಿದ ಸಂಬಂಧ ನಾನು ನೋಡಿದ್ದೇನೆ. ಆದರೂ ಹೇಳಿದೆ: "ಗೌಡ್ರೇ, ನಿಮ್ಮ ಮದ್ವೇಲಿ ಹಂಡೆ ಕೊಳಗ ಯಾರ ಮನೇದು?"

"ಊರಿಂದು."

"ಮತ್ತೆ ಇದೂ ಊರಿಂದೇ. ಕೀ ಮಾತ್ರ ಬೀಗರ ಹತ್ರ ಐತೆ."

ಗೌಡರು ಒಪ್ಪಲಿಲ್ಲ. ಜಯಮ್ಮ ಮಾತ್ರ ಕಣ್ಣೊರೆಸಿಕೊಂಡು, "ಫೋನ್ ಮಾಡವ್ವ ನಿಮ್ಮ ಮಾವಂಗೆ. ಒಲೆ ಬರ್ಲಿ, ಅದನ್ನ ನಮ್ದು ಮಾಡ್ಕೊಳ್ಳೋದು ನಂಗೊತ್ತು" ಎಂದರು.

ಮಾವ ಹಳೆಯ ವ್ಯಾನಿನಲ್ಲಿ ಬಂದ. ಕೆಂಪು ಮುಖ, ತಲೆಗೆ ಟೋಪಿ, ಕೈಗಳು ಸೌಟು ಹಿಡಿದು ಪಳಗಿದಂಥವು. ಮುಕ್ಕಾಲಿಯ ಮೇಲೆ ಕೂತ ಎರಡು ದೊಡ್ಡ ಬರ್ನರುಗಳನ್ನೂ ಗ್ಯಾಸ್ ಸಿಲಿಂಡರನ್ನೂ ಇಳಿಸಿದ. ನಮ್ಮ ಛತ್ರದ ಒಲೆಗೆ ಅಣ್ಣತಮ್ಮ ಎನ್ನಬೇಕು. ನಾನು ಸೋಪಿನ ನೀರು ಸವರಿ ಪೈಪಿನಲ್ಲಿ ಗ್ಯಾಸ್ ಸೋರುತ್ತದೆಯೇ ಎಂದು ನೋಡಿದೆ. ಅವನೂ ಬಗ್ಗಿ ನೋಡಿ, ತಲೆಯಾಡಿಸಿ ಹೆಬ್ಬೆರಳು ತೋರಿಸಿದ.

ಹಚ್ಚಲು ಹೋದವನನ್ನು ಜಯಮ್ಮ ತಡೆದರು. ಒಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಪರ್ಸಿನಿಂದ ಡಬ್ಬಿ ತೆಗೆದು ಮೂರು ಕಡೆ ಅರಿಶಿನ ಕುಂಕುಮ ಇಟ್ಟರು. ಅಂಗಳದ ಗಿಡದ ಒಂದು ಹೂವು ಮುಡಿಸಿ ಕೈ ಮುಗಿದರು. ಮಾವ ಏನು ತಿಳಿದನೋ, ತನ್ನಷ್ಟಕ್ಕೆ ಟೋಪಿ ತೆಗೆದು ಎದೆಗೆ ಹಿಡಿದು ನಿಂತ. ಆಮೇಲೆ ಜಯಮ್ಮನೇ ಕಡ್ಡಿ ಗೀರಿದರು.

"ಈಗ ಯಾರ ಒಲೆ?" ಎಂದು ಗಂಡನ ಕಡೆ ತಿರುಗಿದರು.

"ನಿಂದೇ ಕಣೇ ಮಾರಾಯ್ತಿ, ನಿಂದೇ" ಎಂದರು ಗೌಡರು. ಹಾಗೆಂದು ಪಂಚೆ ಎತ್ತಿ ಕಟ್ಟಿ ಈರುಳ್ಳಿ ಸುಲಿಯಲು ಕೂತರು.

ಮುಂದಿನ ಮೂರು ಗಂಟೆ ನಾನು ತಲೆ ಎತ್ತಲಿಲ್ಲ. ಗಾಳಿಗೆ ಉರಿ ಓಲಾಡಿದಾಗ ಮಾವನೇ ಕಬ್ಬಿಣದ ತಗಡು ತಂದು ಅಡ್ಡ ನಿಲ್ಲಿಸಿದ. ಮುದ್ದೆಯ ಪಾತ್ರೆಯನ್ನು ಚಪ್ಪಡಿಯ ಮೇಲೆ ಇಳಿಸಿದೆ. ಕಲೆಯ ಭಯವಿಲ್ಲ, ಸೀಳುವ ಭಯವಿಲ್ಲ. ಕಾಲಲ್ಲಿ ಅದುಮಿ ಕೋಲು ಹಾಕಿದರೆ ಪಾತ್ರೆ ಅಲುಗಲಿಲ್ಲ. ಅಂಥ ಗಟ್ಟಿ ನೆಲ ನನಗೆ ಛತ್ರಗಳಲ್ಲೂ ಸಿಕ್ಕಿಲ್ಲ.

ಒಂದು ಗಂಟೆಗೆ ಬೀಗರು ಕೂತರು. ನಾವು ಯಾರೂ ಕೂರಲಿಲ್ಲ, ಬಡಿಸುವ ಮನೆಯವರು ಮೊದಲು ಕೂರುವಂತಿಲ್ಲ. ಬೀಗರೂಟ ಗೆದ್ದಿತೋ ಸೋತಿತೋ ಎಂಬುದು ಹೊಗಳಿಕೆಯಲ್ಲಿ ತಿಳಿಯುವುದಿಲ್ಲ, ಎರಡನೆಯ ಮುದ್ದೆಯಲ್ಲಿ ತಿಳಿಯುತ್ತದೆ. ಮರ್ಯಾದೆಗೆ ಒಂದು ಯಾರಾದರೂ ಉಣ್ಣುತ್ತಾರೆ.

ಅಜ್ಜಿ ಮುದ್ದೆಯನ್ನು ಚಾಕುವಿನಲ್ಲಿ ಕೊಯ್ಯಲು ನೋಡಿದರು. ಅಂಟಿತು. ಜಯಮ್ಮ ಪಕ್ಕದಲ್ಲಿ ಮಂಡಿಯೂರಿ, ಒಂದು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, "ಅಗೀಬೇಡಿ ಅಮ್ಮಾ, ನುಂಗಿ" ಎಂದು ಕನ್ನಡದಲ್ಲೇ ಹೇಳಿ ಬಾಯಿಗಿಟ್ಟರು. ಅಜ್ಜಿ ನುಂಗಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನೀರು ಕುಡಿದರು. ಆಮೇಲೆ ಅಂಗಳದ ಗೋಡೆಗೆ ಒರಗಿಸಿದ್ದ ಕೋಲಿನ ಕಡೆ ಬೆರಳು ತೋರಿಸಿ ಏನೋ ಹೇಳಿದರು.

"ಅವರ ಅಮ್ಮ ಮುಸುಕಿನ ಜೋಳದ ಹಿಟ್ಟನ್ನ ಇದೇ ಥರ ಕೋಲಲ್ಲಿ ತಿರುಗಿಸ್ತಿದ್ರಂತೆ" ಎಂದಳು ಕ್ಲೇರಮ್ಮ. "ಗಂಟಿಲ್ಲ, ಚೆನ್ನಾಗಿ ತಿರುಗ್ಸಿದಾರೆ ಅಂತಿದಾರೆ."

ಅಜ್ಜಿ ತಟ್ಟೆ ಮುಂದಕ್ಕೆ ತಳ್ಳಿ ಅರ್ಧ ಎಂದು ಕೈಯಲ್ಲಿ ತೋರಿಸಿದರು. ಜಯಮ್ಮ ನನ್ನ ಕಡೆ ನೋಡಿದರು. ನಾನು ಅರ್ಧ ಮುದ್ದೆ ತಂದಿಟ್ಟೆ. ಮಾವ ಪೂರ್ತಿ ಎರಡು ಮುಗಿಸಿ ಮೂರನೆಯದಕ್ಕೆ ಟೋಪಿ ಹಿಡಿದ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಹೊಸ ಜಾಗಕ್ಕೆ ಹೋದರೆ ಅಡುಗೆಮನೆ ಎಲ್ಲಿ ಎಂದು ಕೇಳಿದರೆ ಸಾಲದು, ಈ ಊರಿನಲ್ಲಿ ಹತ್ತು ಜನಕ್ಕೆ ಬೇಯಿಸಿ ಹಾಕುವವರು ಯಾರು ಎಂದು ಕೇಳಬೇಕು. ಅವರ ಹತ್ತಿರ ಒಲೆ ಇರುತ್ತದೆ. ಕೇಳಿದರೆ ಕೊಡುತ್ತಾರೆ. ಕೇಳಿ ಪಡೆದ ಒಲೆಯಲ್ಲಿ ಬೇಯಿಸಿದರೂ ಊಟ ಹಾಕಿದ ಮನೆಯ ಮಾನ ಕಡಿಮೆಯಾಗುವುದಿಲ್ಲ.

ಈಗ ನನ್ನ ಹತ್ತಿರ ಹನ್ನೊಂದು ಗ್ಯಾಸ್ ಒಲೆಗಳಿವೆ, ನಾಲ್ಕು ಸೌದೆ ಒಲೆ, ಇಪ್ಪತ್ತೆರಡು ಜನ ಕೆಲಸದವರು, ಒಂದು ಟೆಂಪೊ, ಡಿಗ್ರಿ ಮುಗಿಸಿದ ಇಬ್ಬರು ಹೆಣ್ಣುಮಕ್ಕಳು, ಒಂದು ಪಾಸ್‌ಪೋರ್ಟು, ಅದರಲ್ಲಿ ಒಂದು ವೀಸಾ.